ಕಿರುಬೆರಳಿನಷ್ಟು ಜಾಗ

ಬೆಳಗಿನ ಐದೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಸಾಲಾಗಿ ಷಟರ್ ಎಳೆದುಕೊಂಡು ನಿಂತಿರುವ ಅಂಗಡಿಗಳ ನಡುವೆ ಒಂದೇ ಕುರ್ಚಿಯ ಒಂದು ಕಟಿಂಗ್ ಶಾಪ್. ಅದರ ಮುಂದಿನ ಫುಟ್‌ಪಾತಿನ ಮೇಲೆ ಐವತ್ತಾರು ವರ್ಷದ ಹೆಂಗಸೊಬ್ಬರು ಬೋರಲಾಗಿ ಮಲಗಿದ್ದಾರೆ. ಎಡಗೆನ್ನೆ ನೆಲಕ್ಕೆ ತಾಗಿದೆ, ಎರಡೂ ಕೈ ಬೆನ್ನ ಹಿಂದಿವೆ. ಕನ್ನಡಕವನ್ನು ಮಡಚಿ ಪಕ್ಕಕ್ಕೆ ಇಟ್ಟಿದ್ದಾರೆ. ಚಪ್ಪಲಿ ಮಾತ್ರ ನೀಟಾಗಿ ಗೋಡೆಯ ಪಕ್ಕ ಜೋಡಿಸಿದೆ, ಮನೆಯೊಳಗೆ ಹೋಗುವಾಗ ಬಿಟ್ಟ ಹಾಗೆ.

ಎದುರಿನ ಬೇಕರಿಗೆ ಬ್ರೆಡ್ ತಂದ ವ್ಯಾನು ಕಿರ್ರನೆ ನಿಲ್ಲುತ್ತದೆ. ಡ್ರೈವರ್ ನೀರಿನ ಬಾಟಲಿ ಹಿಡಿದು ಓಡಿ ಬರುತ್ತಾನೆ.

"ಅಮ್ಮಾ! ಏನಾಯ್ತಮ್ಮಾ? ತಲೆ ಸುತ್ತು ಬಂತಾ?"

"ಏನೂ ಆಗಿಲ್ಲಪ್ಪ. ಕೆಲಸ ಮಾಡ್ತಿದೀನಿ. ಒಂಚೂರು ಆ ಕಡೆ ನಿಂತ್ಕೊಳ್ಳಿ, ನನಗೆ ಷಟರ್ ಕಾಣಿಸ್ತಿಲ್ಲ."

ಡ್ರೈವರ್ ಪಕ್ಕಕ್ಕೆ ಸರಿಯುತ್ತಾನೆ. ಬಾಟಲಿಯ ಮುಚ್ಚಳ ತೆಗೆದದ್ದು ತೆಗೆದ ಹಾಗೇ ಇದೆ. "ಮಲಕ್ಕೊಂಡು ಮಾಡೋ ಕೆಲಸ ಯಾವುದಮ್ಮಾ ಅದು? ನಮಗೂ ಒಂದು ಕೊಡಿಸಿ" ಅನ್ನುತ್ತಾನೆ. ಹೆಂಗಸು ನಗುತ್ತಾ ಎದ್ದು ಕೂರುತ್ತಾರೆ, ಕೆನ್ನೆಗೆ ಅಂಟಿದ ಮಣ್ಣು ಒರೆಸಿಕೊಳ್ಳುತ್ತಾರೆ. ಅವರ ನಗು ನೋಡಿ ಡ್ರೈವರನಿಗೂ ಮಾತಿನ ಹುರುಪು ಬರುತ್ತದೆ.

"ಈ ಜಾಗಕ್ಕೆ ಏನು ಬಡಿದಿದೆಯೋ ಕಾಣೆ. ಒಂದು ತಿಂಗಳ ಕೆಳಗೆ ಕಟಿಂಗ್ ಶಾಪಿನಣ್ಣನೂ ಇದೇ ಹೊತ್ತಿಗೆ ಹಿಂಗೇ ಮಲಗಿದ್ರು. ಅವರ ಬೆನ್ನ ಮೇಲೆ ಪೊಲೀಸ್ ಇದ್ರು, ನಿಮ್ಮ ಮೇಲೆ ಯಾರೂ ಇಲ್ಲ. ಅಷ್ಟೇ ವ್ಯತ್ಯಾಸ."

ಹೆಂಗಸು ಕನ್ನಡಕ ಹಾಕಿಕೊಂಡು ಅವನನ್ನು ಸರಿಯಾಗಿ ನೋಡುತ್ತಾರೆ. "ನೀವು ಅವತ್ತು ಇದ್ರಾ? ನಿಮ್ಮನ್ನ ಯಾರೂ ವಿಚಾರಿಸಲಿಲ್ವಾ?"

"ಐದೂ ಮುಕ್ಕಾಲಿಗೆ ಬಂದು ಆರಕ್ಕೆ ಹೋಗೋನನ್ನ ಯಾರಮ್ಮಾ ವಿಚಾರಿಸ್ತಾರೆ?"

ಚೀಲದಿಂದ ನೋಟ್‌ಬುಕ್ ಹೊರಗೆ ಬರುತ್ತದೆ. ಹದಿನೇಳು ದಿನದಿಂದ ಹುಡುಕುತ್ತಿದ್ದ ಸಾಕ್ಷಿ ನೀರಿನ ಬಾಟಲಿ ಹಿಡಿದುಕೊಂಡು ತಾನಾಗಿಯೇ ಬಂದು ನಿಂತಿದ್ದಾನೆ.

ಇವರ ಕೆಲಸ ಏನೆಂದು ಕೇಳಿದರೆ ಅಕ್ಕಪಕ್ಕದ ಮನೆಯವರಿಗೂ ಸರಿಯಾಗಿ ಗೊತ್ತಿಲ್ಲ. ಯಾರನ್ನಾದರೂ ಹಿಡಿಯುವಾಗ ಪೊಲೀಸರು ಅಗತ್ಯಕ್ಕಿಂತ ಹೆಚ್ಚು ಬಲ ಬಳಸಿದರು ಎಂದು ದೂರು ಬಂದರೆ ಅದು ನಿಜವೇ ಎಂದು ವಿಚಾರಣೆ ಮಾಡುವುದು ಇವರ ಉದ್ಯೋಗ. ಇವರ ಕಚೇರಿ ಪೊಲೀಸ್ ಇಲಾಖೆಗೆ ಸೇರಿದ್ದಲ್ಲ. ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ನಾಲ್ಕು ಜನ, ಒಂದು ಪಕ್ಕಕ್ಕೆ ವಾಲಿದ ಕಬ್ಬಿಣದ ಬೀರು. ಪೊಲೀಸರು ಇವರನ್ನು ಕಂಡರೆ ಗಂಟುಮುಖ ಹಾಕುತ್ತಾರೆ. ದೂರು ಕೊಟ್ಟವರು "ನೀವೂ ಅವರ ಪೈಕಿಯೇ ಇರಬೇಕು" ಎಂದು ಅನುಮಾನದಿಂದ ನೋಡುತ್ತಾರೆ. ಎರಡೂ ಕಡೆಯವರ ಕೆಂಗಣ್ಣಿಗೆ ಗುರಿಯಾಗಿಯೂ ಹೊಟ್ಟೆ ತುಂಬ ನಗುವ ಮನುಷ್ಯರನ್ನು ನೋಡಬೇಕಾದರೆ ಆ ಮಹಡಿ ಹತ್ತಬೇಕು.

ಠಾಣೆಗಳಲ್ಲಿ ಇವರಿಗೆ 'ಕಿರುಬೆರಳಕ್ಕ' ಅಂತ ಅಡ್ಡಹೆಸರು. ಕೈಕೋಳ ಹಾಕಿದ ಮೇಲೆ ಅದಕ್ಕೂ ಮಣಿಕಟ್ಟಿಗೂ ನಡುವೆ ಕಿರುಬೆರಳು ತೂರಿಸಿ ನೋಡಬೇಕು, ತೂರಿದರೆ ಸರಿ, ಇಲ್ಲದಿದ್ದರೆ ಬಿಗಿಯಾಗಿದೆ ಎಂದರ್ಥ. ತರಬೇತಿಯಲ್ಲಿ ಎಲ್ಲರಿಗೂ ಹೇಳಿಕೊಡುವ ವಿಷಯವೇ. ಕೆಲಸಕ್ಕೆ ಸೇರಿದ ಆರು ತಿಂಗಳಿಗೆ ಎಲ್ಲರೂ ಮರೆಯುವುದೂ ಅದನ್ನೇ. ಇವರು ಯಾವ ಪೊಲೀಸರನ್ನು ವಿಚಾರಿಸಿದರೂ ಮೊದಲ ಪ್ರಶ್ನೆ ಒಂದೇ: "ಕಿರುಬೆರಳು ಹಾಕಿ ನೋಡಿದ್ರಾ?" ಅಡ್ಡಹೆಸರು ಇಟ್ಟವರು ಬೇಜಾರು ಮಾಡಲೆಂದೇ ಇಟ್ಟರು. ಅಕ್ಕ ಅದನ್ನು ಕೇಳಿ ಖುಷಿಪಟ್ಟು ಮನೆಗೆ ಬಂದು ಎಲ್ಲರಿಗೂ ಹೇಳಿದರು.

ಈಗ ಕಟಿಂಗ್ ಶಾಪಿನವರ ಕತೆ. ವಯಸ್ಸು ನಲವತ್ತೆಂಟು. ಇಪ್ಪತ್ತೆರಡು ವರ್ಷದಿಂದ ಅದೇ ಅಂಗಡಿ, ಅದೇ ಕುರ್ಚಿ. ಮೊದಲ ಪಾಳಿಗೆ ಹೋಗುವವರು ಆರು ಗಂಟೆಗೇ ಶೇವಿಂಗಿಗೆ ಬರುತ್ತಾರೆಂದು ದಿನವೂ ಐದೂವರೆಗೆ ಬಾಗಿಲು ತೆಗೆಯುತ್ತಾರೆ. ಆವತ್ತು ಷಟರಿನ ಬೀಗಕ್ಕೆ ಹಾಕಿದ ಕೀಲಿ ಅರ್ಧಕ್ಕೇ ಮುರಿಯಿತು. ಮನೆಗೆ ಫೋನ್ ಮಾಡಿ ಹೆಂಡತಿಗೆ ಇನ್ನೊಂದು ಕೀಲಿ ತರಲು ಹೇಳಿದರು. ಹೇಳಿ ಸುಮ್ಮನೆ ಕೂತಿದ್ದರೆ ಆಗಿತ್ತು. ಗಿರಾಕಿ ಬಂದು ವಾಪಸ್ ಹೋದರೆ ಎಂಬ ಚಿಂತೆಗೆ ಎಲ್ಲಿಂದಲೋ ಕಬ್ಬಿಣದ ಸಲಾಕೆ ತಂದು ತಮ್ಮ ಅಂಗಡಿಯ ಬೀಗವನ್ನು ತಾವೇ ಮೀಟತೊಡಗಿದರು. ಅದೇ ಹೊತ್ತಿಗೆ ಗಸ್ತಿನ ಕಾನ್‌ಸ್ಟೇಬಲ್ ಒಬ್ಬ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡ.

"ನಾನು ಆ ಜಾಗದಲ್ಲಿದ್ರೆ ನನಗೂ ಕಳ್ಳ ಅಂತಲೇ ಅನ್ನಿಸ್ತಿತ್ತು" ಎಂದು ಕಟಿಂಗ್ ಶಾಪಿನವರೇ ಒಪ್ಪಿಕೊಳ್ಳುತ್ತಾರೆ. "ಅದಕ್ಕೆ ನನಗೆ ಸಿಟ್ಟಿಲ್ಲ. 'ಸಾರ್, ಒಳಗೆ ಗೋಡೆ ಮೇಲೆ ಲೈಸೆನ್ಸ್ ಇದೆ, ಅದರಲ್ಲಿ ನನ್ನ ಫೋಟೋ ಇದೆ, ನೋಡಿ' ಅಂದೆ. 'ಬಾಗಿಲು ತೆಗಿ' ಅಂದ್ರು. 'ತೆಗೀತಿದ್ದದ್ದು ಅದನ್ನೇ ಅಲ್ವಾ ಸಾರ್' ಅಂದೆ. ಅದು ಅವರಿಗೆ ಎದುರುತ್ತರ ಅನ್ನಿಸ್ತು."

ಮಾತಿಗೆ ಮಾತು ಬೆಳೆಯಿತು. ಸಲಾಕೆ ಕೆಳಗಿಡು ಎಂದಾಗ ಇವರು ಇಡಲಿಲ್ಲ, ಅದನ್ನೇ ಆಡಿಸಿಕೊಂಡು ವಿವರಣೆ ಕೊಟ್ಟರು. ಕಾನ್‌ಸ್ಟೇಬಲ್ ತೋಳು ತಿರುಚಿ ನೆಲಕ್ಕೆ ಒತ್ತಿ ಕೋಳ ಹಾಕಿದ. ಮೂವತ್ತೈದು ನಿಮಿಷ ಆದ ಮೇಲೆ ಹೆಂಡತಿ ಕೀಲಿ ತಂದರು, ಷಟರ್ ಮೇಲೆದ್ದಿತು, ಗೋಡೆಯ ಮೇಲಿನ ಫೋಟೋದಲ್ಲಿ ಅದೇ 'ಕಳ್ಳ' ಮೀಸೆಯಡಿ ನಗುತ್ತಿದ್ದ. ಕಾನ್‌ಸ್ಟೇಬಲ್ ಕೋಳ ಬಿಚ್ಚಿ ಹೊರಟುಹೋದ. ಕಟಿಂಗ್ ಶಾಪಿನವರು ಮೊದಲ ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚಿ ಕತ್ತಿ ಕೈಗೆ ತೆಗೆದುಕೊಂಡರು. ಬಲಗೈಯ ಹೆಬ್ಬೆರಳು ಇದ್ದೂ ಇಲ್ಲದ ಹಾಗಾಗಿತ್ತು.

"ಜೋಮು ಹಿಡಿದಿರಬೇಕು, ಹತ್ತು ನಿಮಿಷಕ್ಕೆ ಹೋಗುತ್ತೆ ಅಂತ ಮಾಡಿದೆ. ಹತ್ತು ದಿನ ಆದ್ರೂ ಹೋಗಲಿಲ್ಲ. ಕತ್ತರಿಯೊಳಗೆ ಬೆರಳಿದೆಯಾ ಅಂತ ಕಣ್ಣಲ್ಲಿ ನೋಡಿ ತಿಳ್ಕೋಬೇಕು. ಕತ್ತರಿಯಾದ್ರೆ ಹೇಗೋ ನಡೆಯುತ್ತೆ. ಕತ್ತಿ ಹಿಡಿದು ಇನ್ನೊಬ್ಬರ ಗಂಟಲ ಹತ್ರ ಹೋಗೋದು ಹೇಗೆ?"

ಕೋಳ ಬಿಗಿಯಾಗಿ ಮಣಿಕಟ್ಟಿನ ನರ ಜಜ್ಜಿದೆ, ಸರಿಹೋಗಬಹುದು, ಎಷ್ಟು ತಿಂಗಳೆಂದು ಹೇಳಲಾಗದು ಎಂದರು ಡಾಕ್ಟರ್. ಶೇವಿಂಗ್ ನಿಂತಿತು. ಬೆಳಗಿನ ಗಿರಾಕಿಗಳು ಮುಂದಿನ ಬೀದಿಗೆ ನಡೆದರು. ಅವರಲ್ಲಿ ಅರ್ಧ ಜನಕ್ಕೆ ಹೆಬ್ಬೆರಳಿನ ಸಂಗತಿ ಗೊತ್ತೇ ಇರಲಿಲ್ಲ, ಅವರು ಕೇಳಿದ್ದು 'ಪೊಲೀಸರು ಹಿಡಿದಿದ್ದರಂತೆ' ಎಂಬ ಸುದ್ದಿಯನ್ನು ಮಾತ್ರ. ಹೋಗಿ ದೂರು ಕೊಡು ಎಂದು ಹೆಂಡತಿ ಹಟ ಹಿಡಿದರು. ಮೆಟ್ಟಿಲು ಹತ್ತಿ ಬಂದು ಅಕ್ಕನ ಮುಂದೆ ಕೂತ ಕಟಿಂಗ್ ಶಾಪಿನವರು ಪರಿಹಾರ ಕೇಳಲಿಲ್ಲ. "ಬಿಗಿಯಾಗ್ತಿದೆ ಅಂತ ನಾನು ಹೇಳ್ತಾನೇ ಇದ್ದೆ. ಹಾಗೆ ಹೇಳಿದೆ ಅಂತ ಎಲ್ಲಾದ್ರೂ ಒಂದು ಕಡೆ ಬರೆದಿರಲಿ ಮೇಡಂ. ಠಾಣೆ ಪುಸ್ತಕದಲ್ಲಿ ಅವರು ಬರೆದಿರೋದ್ರಲ್ಲಿ 'ವ್ಯಕ್ತಿ ಏನೂ ದೂರಲಿಲ್ಲ' ಅಂತ ಇದೆ" ಎಂದರು.

ಅಕ್ಕ ಯಾರನ್ನೂ 'ಹೊಡೆದರಾ, ಬಡಿದರಾ' ಎಂದು ಕೇಳುವುದಿಲ್ಲ. ಅವರ ಪ್ರಶ್ನೆ ಬೇರೆ: "ಬಿಟ್ಟು ಕಳಿಸಿದ ಮೇಲೆ ಮೊಟ್ಟಮೊದಲು ನಿಮ್ಮ ಕೈಲಿ ಆಗದೇ ಹೋದ ಕೆಲಸ ಯಾವುದು?" ಇದು ಅವರು ನರ್ಸ್ ಆಗಿದ್ದಾಗ ಕಲಿತದ್ದು. ಹದಿನಾರು ವರ್ಷ ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿದ್ದರು. ಪೊಲೀಸರು ಕರೆತಂದವರ ಚೀಟಿಯಲ್ಲಿ 'ಬಿದ್ದು ಆದ ಗಾಯ' ಎಂದು ಬರೆಯುವಾಗ ಅವರಿಗೆ ಒಳಗೊಳಗೇ ಕಸಿವಿಸಿ. "ಬಿದ್ದವರು ಅಂಗೈ ಊರ್ತಾರೆ. ಅಂಗೈಯಲ್ಲಿ ಒಂದು ಗೀರೂ ಇಲ್ಲ, ಬೆನ್ನು ಮಾತ್ರ ನೀಲಿ. ಇದೆಂಥ ಬೀಳೋದು ಅಂತ ಡಾಕ್ಟರನ್ನ ಕೇಳಿದೆ. 'ಸಿಸ್ಟರ್, ನಿಮಗೆ ಬೇರೆ ಕೆಲಸ ಇಲ್ವಾ' ಅಂದ್ರು. ಇದೆಯಾ ಅಂತ ಹುಡುಕಿದೆ, ಸಿಕ್ತು." ಈ ಕಚೇರಿ ಆಗಷ್ಟೇ ಶುರುವಾಗಿತ್ತು. ಅರ್ಜಿ ಹಾಕಿದರು, ಪರೀಕ್ಷೆ ಬರೆದರು, ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಹೊಸ ಕೆಲಸಕ್ಕೆ ಸೇರಿದರು.

ಅಲ್ಲಿಂದ ಇಲ್ಲಿಗೆ ಹದಿನೇಳು ವರ್ಷ, ಆರುನೂರ ನಲವತ್ತಕ್ಕೂ ಮೇಲೆ ದೂರುಗಳು. ಒಂದೊಂದಕ್ಕೂ ತೊಂಬತ್ತು ದಿನದ ಗಡುವು. ದಿನಕ್ಕೆ ಎರಡೋ ಮೂರೋ ಹೇಳಿಕೆ, ವಾರಕ್ಕೆ ಒಂದಾದರೂ ಬೆಳಗಿನ ಓಡಾಟ. ಘಟನೆ ನಡೆದ ಹೊತ್ತಿಗೇ ಘಟನೆ ನಡೆದ ಜಾಗಕ್ಕೆ ಹೋಗಿ, ಹಿಡಿಯಲ್ಪಟ್ಟವನು ಹೇಗಿದ್ದನೋ ಹಾಗೇ ನಿಂತು, ಕೂತು, ಮಲಗಿ ನೋಡುವುದು ಅವರ ಪದ್ಧತಿ. ಬೆಳಕು ಎಷ್ಟಿತ್ತು, ಕಣ್ಣಿಗೆ ಏನು ಕಾಣುತ್ತಿತ್ತು, ಯಾರ ಮಾತು ಕೇಳುತ್ತಿತ್ತು ಎನ್ನುವುದು ಮೇಜಿನ ಹಿಂದೆ ಕೂತರೆ ತಿಳಿಯುವುದಿಲ್ಲ ಎನ್ನುವುದು ಅವರ ವಾದ. ಹಾಗೆ ಮಲಗಿದ್ದಾಗ ಒಮ್ಮೆ ನಾಯಿ ಮುಖ ನೆಕ್ಕಿದೆ, ಒಮ್ಮೆ ಕಸದ ಗಾಡಿಯವರು ಆಂಬುಲೆನ್ಸ್ ಕರೆಸಿದ್ದಾರೆ. ದೂರು ಕೊಟ್ಟವರ ಮನೆಯಲ್ಲೂ ಠಾಣೆಯಲ್ಲೂ ಒಂದು ಲೋಟ ನೀರು ಸಹ ಕುಡಿಯುವುದಿಲ್ಲ. ಚೀಲದಲ್ಲಿ ಸ್ವಂತ ಫ್ಲಾಸ್ಕು, ಸ್ವಂತ ಮಡಚುವ ಸ್ಟೂಲು. "ಅವರ ಕುರ್ಚಿಯಲ್ಲಿ ಕೂತ್ರೆ ಅವರ ಕಡೆ ಅಂತಾರೆ, ಇವರ ಕುರ್ಚಿಯಲ್ಲಿ ಕೂತ್ರೆ ಇವರ ಕಡೆ. ನನ್ನ ಸ್ಟೂಲು ನನ್ನ ಕಡೆ."

ಇಷ್ಟೆಲ್ಲ ಶಿಸ್ತಿನ ಹೆಂಗಸು ಮನೆಯಲ್ಲಿ ಮಾಡಿಕೊಂಡ ಯಡವಟ್ಟು ಮಾತ್ರ ಕಚೇರಿಯ ಇತಿಹಾಸದಲ್ಲಿ ಉಳಿದಿದೆ. ಕೋಳ ಎಷ್ಟು ಹೊತ್ತಿಗೆ ಎಷ್ಟು ಬಿಗಿಯುತ್ತದೆ ಎಂದು ತಿಳಿಯಲು ಒಂದು ಜೊತೆಯನ್ನು ಮನೆಗೆ ತಂದು ಯಜಮಾನರ ಕೈಗೆ ಹಾಕಿದರು. ಯಜಮಾನರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಸಾಧು ಪ್ರಾಣಿ, ಹೆಂಡತಿಯಿಂದ ಇಷ್ಟರವರೆಗೆ ಮೂವತ್ತು ನಲವತ್ತು ಸಲ ಬಂಧನಕ್ಕೊಳಗಾದವರು. ಹಾಕಿದ್ದಾಯಿತು, ನಿಮಿಷ ಎಣಿಸಿದ್ದಾಯಿತು, ಬಿಚ್ಚಲು ನೋಡಿದರೆ ಕೀಲಿ ಕಚೇರಿಯ ಮೇಜಿನೊಳಗೆ! ಕೈಗೆ ಟವಲ್ ಹೊದಿಸಿಕೊಂಡು ಗಂಡ ಹೆಂಡತಿ ಇಬ್ಬರೂ ಸಿಟಿ ಬಸ್ ಹತ್ತಿದರು.

"ಕಂಡಕ್ಟರ್ ಟಿಕೆಟ್ ಕೊಡೋಕೆ ಬಂದ. ಕೈ ಚಾಚಿದೆ, ಟವಲ್ಲಿನ ಕೆಳಗಿಂದ ಎರಡೂ ಕೈ ಒಟ್ಟಿಗೇ ಬಂದ್ವು" ಎಂದು ಮೇಷ್ಟ್ರು ಈಗಲೂ ಅಭಿನಯಿಸಿ ತೋರಿಸುತ್ತಾರೆ. "ಇವಳು ಎಲ್ಲರಿಗೂ ಕೇಳೋ ಹಾಗೆ 'ಭಯ ಪಡಬೇಡಿ, ಇವರು ನಮ್ಮ ಯಜಮಾನ್ರು' ಅಂದಳು. ಜನ ಇನ್ನೂ ದೂರ ಸರಿದ್ರು. ಅವತ್ತು ಒಂದಿಡೀ ಸೀಟು ನಮಗೇ ಸಿಕ್ತು."

ಮನೆಯ ಎಲ್ಲರೂ ಅಕ್ಕನ ಕೆಲಸವನ್ನು ಮೇಷ್ಟ್ರಷ್ಟು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅಕ್ಕನ ಒಡಹುಟ್ಟಿದ ತಮ್ಮನೇ ಪೊಲೀಸ್, ಊರಿನ ಇನ್ನೊಂದು ಮೂಲೆಯ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಅಕ್ಕ ಈ ಕೆಲಸಕ್ಕೆ ಸೇರಿದಾಗ ಎರಡು ವರ್ಷ ಅವನು ಅವರೊಂದಿಗೆ ಮಾತು ಬಿಟ್ಟಿದ್ದ. ಅವನ ಠಾಣೆಯ ದೂರುಗಳನ್ನು ಇವರಿಗೆ ಕೊಡುವುದಿಲ್ಲ ಎಂಬ ನಿಯಮವಿದ್ದರೂ ಸಹೋದ್ಯೋಗಿಗಳ ಚುಚ್ಚುಮಾತು ಅವನಿಗೆ ತಪ್ಪಲಿಲ್ಲ. ಆ ಎರಡು ವರ್ಷದ ವಿಷಯ ಬಂದರೆ ಅಕ್ಕನ ನಗು ಒಂದು ಗಳಿಗೆ ನಿಲ್ಲುತ್ತದೆ. "ಅವನನ್ನ ಎತ್ತಿ ಆಡಿಸಿದವಳು ನಾನು. ತುಂಬಾ ನೋವಾಯ್ತು" ಎನ್ನುತ್ತಾರೆ, ಅಷ್ಟೇ.

ಬ್ರೆಡ್ ವ್ಯಾನಿನ ಡ್ರೈವರನ ಹೇಳಿಕೆ ಬೇಕರಿಯ ಮೆಟ್ಟಿಲ ಮೇಲೇ ದಾಖಲಾಗುತ್ತದೆ. ಎಷ್ಟು ಸಲ ಕೂಗಿದರು ಎಂದು ಅಕ್ಕ ಕೇಳುತ್ತಾರೆ. ಸಾಮಾನ್ಯವಾಗಿ ಜನ 'ತುಂಬಾ ಸಲ' ಎನ್ನುತ್ತಾರೆ. ಡ್ರೈವರ್ ಹಾಗನ್ನುವುದಿಲ್ಲ. "ನಾಲ್ಕು. ನಾನು ದಿನಾ ಇಳಿಸೋದು ನಾಲ್ಕು ಟ್ರೇ. ಒಂದೊಂದು ಟ್ರೇ ಎತ್ತಿದಾಗಲೂ ಆ ಅಣ್ಣ 'ಬಿಗಿಯಾಗ್ತಿದೆ ಸಾರ್' ಅಂತಿದ್ರು. ಕೊನೇ ಟ್ರೇಗೆ ದನಿ ಸಣ್ಣ ಆಗಿತ್ತು." ಅಕ್ಕ ಬರೆದುಕೊಂಡದ್ದನ್ನು ಓದಿ ಹೇಳುತ್ತಾರೆ, ಡ್ರೈವರ್ ಸಹಿ ಹಾಕುತ್ತಾನೆ, ತಡವಾಯಿತೆಂದು ಓಡುತ್ತಾನೆ.

ಆ ಮಧ್ಯಾಹ್ನ ಕಾನ್‌ಸ್ಟೇಬಲನ ಸರದಿ. ಇಪ್ಪತ್ತೇಳು ವರ್ಷ, ಮೂರು ವರ್ಷದ ಸೇವೆ, ಇಸ್ತ್ರಿ ಹಾಕಿದ ಸಮವಸ್ತ್ರ. ಬೆವರುತ್ತಿದ್ದಾನೆ.

"ಕೂತ್ಕೊಳ್ಳಪ್ಪ. ನನ್ನ ಮೊದಲನೇ ಪ್ರಶ್ನೆ ನಿಮಗೆ ಗೊತ್ತಿರಬೇಕಲ್ಲ?"

"ಗೊತ್ತು ಮೇಡಂ. ಕಿರುಬೆರಳು... ಹಾಕಿ ನೋಡಲಿಲ್ಲ. ಆದ್ರೆ ಪಿನ್ ಒತ್ತಿದೀನಿ. ದೇವ್ರಾಣೆ ಒತ್ತಿದೀನಿ."

ಪಿನ್ ಎಂದರೆ ಕೋಳದ ಅಂಚಿನಲ್ಲಿರುವ ಕಡಲೆಕಾಳಿಗಿಂತ ಚಿಕ್ಕದಾದ ಮೊಳೆ. ಕೋಳ ಕಚ್ಚಿಕೊಂಡ ಮೇಲೆ ಕೀಲಿಯ ತುದಿಯಿಂದ ಅದನ್ನು ಒತ್ತಿದರೆ ಕೋಳ ಇದ್ದಲ್ಲೇ ನಿಲ್ಲುತ್ತದೆ. ಒತ್ತದಿದ್ದರೆ ಕೈ ಅಲುಗಿದ ಹಾಗೆಲ್ಲ ಒಂದೊಂದೇ ಹಲ್ಲು ಮುಂದೆ ಸರಿದು ಬಿಗಿಯುತ್ತಾ ಹೋಗುತ್ತದೆ. ಕಟಿಂಗ್ ಶಾಪಿನವರ ಮಣಿಕಟ್ಟಿನ ಫೋಟೋ ನೋಡಿದ ಕ್ಷಣದಿಂದಲೇ ಅಕ್ಕನಿಗೆ ಪಿನ್ ಒತ್ತಿಲ್ಲ ಎಂದು ಖಾತ್ರಿಯಾಗಿತ್ತು. ಈಗ ಇವನು ಆಣೆ ಹಾಕುತ್ತಿದ್ದಾನೆ. ಹದಿನೇಳು ವರ್ಷದಲ್ಲಿ ಕೇಳಿದ ಆಣೆಗಳಿಗೆ ಲೆಕ್ಕವಿಲ್ಲ.

"ಹಾಕಿ ತೋರಿಸಿ" ಎಂದು ಕೈ ಚಾಚುತ್ತಾರೆ. ಕಾನ್‌ಸ್ಟೇಬಲ್ ಹಿಂಜರಿಯುತ್ತಾನೆ, ಆಮೇಲೆ ಹಾಕುತ್ತಾನೆ. ಅಕ್ಕ ಅವನ ಬೆರಳುಗಳನ್ನೇ ನೋಡುತ್ತಿದ್ದಾರೆ. ಕೋಳ ಕಚ್ಚಿಕೊಂಡ ತಕ್ಷಣ, ಅವನು ಯೋಚಿಸುವ ಮೊದಲೇ, ಕೀಲಿಯ ತುದಿ ತಾನಾಗಿ ಪಿನ್ನಿನ ಮೇಲೆ ಹೋಗಿ ಕೂತು 'ಟಿಕ್' ಎನ್ನುತ್ತದೆ. ಕೈಗೆ ಅಭ್ಯಾಸವಾದ ಕೆಲಸ. ಇವತ್ತಿಗೆಂದು ಕಲಿತು ಬಂದದ್ದಲ್ಲ.

ಅಕ್ಕನ ತಲೆಯಲ್ಲಿ ಏನೋ ಕೊರೆಯುತ್ತದೆ. ಇದು ಕಚೇರಿಯ ಕೋಳ. ಅವತ್ತು ಹಾಕಿದ್ದು ಯಾವುದು? ಪ್ರತಿ ಕೋಳಕ್ಕೂ ಒಂದು ನಂಬರ್ ಇರುತ್ತದೆ, ಯಾವ ದಿನ ಯಾರ ಕೈಗೆ ಹೋಯಿತು ಎಂದು ಠಾಣೆಯ ಪುಸ್ತಕದಲ್ಲಿ ಬರೆದಿರುತ್ತಾರೆ. ಅದೇ ಸಂಜೆ ಠಾಣೆಗೆ ಹೋಗಿ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಆ ಜೊತೆಯನ್ನು ತರಿಸಿ, ಸುತ್ತಿದ ಟವಲ್ಲಿಗೆ ಹಾಕಿ, ಪಿನ್ ಒತ್ತಿ, ಎಳೆದು ನೋಡುತ್ತಾರೆ. ನಿಂತಿತು. ಮತ್ತೆ. ನಿಂತಿತು. ಮೂರನೇ ಸಲ 'ಟಿಕ್' ಎಂದಿತು, ಎಳೆದರೆ ಸರಸರನೆ ಬಿಗಿಯಿತು. ಹತ್ತು ಸಲದಲ್ಲಿ ನಾಲ್ಕು ಸಲ ಹೀಗೇ. ಸವೆದ ಪಿನ್ ಸದ್ದು ಮಾಡುತ್ತಿತ್ತು, ಹಿಡಿಯುತ್ತಿರಲಿಲ್ಲ.

"ನಾನು ಮನಸ್ಸಲ್ಲೇ ವರದಿ ಬರೆದು ಮುಗಿಸಿಬಿಟ್ಟಿದ್ದೆ, 'ಸುಳ್ಳು ಹೇಳಿದ್ದಾರೆ' ಅಂತ. ಆ ಟಿಕ್ ಕೇಳಿ ನನಗೇ ನಾಚಿಕೆ ಆಯ್ತು" ಎಂದು ಅಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಇಬ್ಬರೂ ನಿಜವೇ ಹೇಳ್ತಿದ್ರು. ಅವರು ಬಿಗಿಯಾಗ್ತಿದೆ ಅಂದ್ರು, ಆಗ್ತಾನೇ ಇತ್ತು. ಇವನು ಒತ್ತಿದೆ ಅಂದ, ಒತ್ತಿದ್ದ."

ಅಷ್ಟಕ್ಕೇ ಬಿಡುವ ಜನ ಅಲ್ಲ ಅವರು. ಠಾಣಾಧಿಕಾರಿ ಮೂಗು ಮುರಿಯುತ್ತಿದ್ದರೂ ಆ ಠಾಣೆಯ ಇಪ್ಪತ್ತೆರಡು ಜೊತೆಗಳನ್ನೂ ಮೇಜಿನ ಮೇಲೆ ಹರಡಿಸುತ್ತಾರೆ. ಐದು ಕೆಟ್ಟಿವೆ. ಮಾರನೆಯ ದಿನ ಕಾನ್‌ಸ್ಟೇಬಲನನ್ನು ಮತ್ತೆ ಕರೆಸಿ ವಿಷಯ ತಿಳಿಸುತ್ತಾರೆ. ಅವನ ಮುಖ ಅರಳುತ್ತದೆ. ಆಗ ಅಕ್ಕ ಡ್ರೈವರನ ಹೇಳಿಕೆ ಓದುತ್ತಾರೆ, ನಾಲ್ಕು ಟ್ರೇ, ನಾಲ್ಕು ಕೂಗು. ಅರಳಿದ ಮುಖ ಬಾಡುತ್ತದೆ.

"ಕೇಳಿಸ್ತಾ ಇರಲಿಲ್ವಾ?"

"ಕೇಳಿಸ್ತಿತ್ತು ಮೇಡಂ."

"ಮತ್ತೆ?"

"ಎಲ್ರೂ ಹಾಗೇ ಅಂತಾರೆ. ಇವರೂ ಅಂತಿದ್ದಾರೆ ಅಂದ್ಕೊಂಡೆ. ಪಿನ್ ಒತ್ತಿದೀನಲ್ಲ, ಹೇಗೆ ಬಿಗಿಯಾಗುತ್ತೆ ಅಂತ..." ಆಮೇಲೆ ತಾನಾಗಿಯೇ, "'ಏನೂ ದೂರಲಿಲ್ಲ' ಅಂತ ಬರೆದದ್ದು ತಪ್ಪು. ಅದನ್ನ ನಾನೇ ಬರೆದೆ" ಎನ್ನುತ್ತಾನೆ. ಅಕ್ಕ ಅದನ್ನೂ ಬರೆದುಕೊಳ್ಳುತ್ತಾರೆ.

ಇತ್ತ ಕಟಿಂಗ್ ಶಾಪಿನವರು ಬಲೂನು ಬೋಳಿಸುತ್ತಿದ್ದಾರೆ. ತಮಾಷೆಯಲ್ಲ. ಊದಿದ ಬಲೂನಿಗೆ ಸೋಪಿನ ನೊರೆ ಹಚ್ಚಿ, ಒಡೆಯದ ಹಾಗೆ ಕತ್ತಿಯಿಂದ ನೊರೆ ತೆಗೆಯುವುದು ಹೊಸಬರು ಕಲಿಯುವ ಪಾಠ. ಇಪ್ಪತ್ತೆರಡು ವರ್ಷದ ಅನುಭವಸ್ಥರು ಮತ್ತೆ ಅದೇ ಪಾಠಕ್ಕೆ ಕೂತಿದ್ದಾರೆ. ದಿನಕ್ಕೆ ಹತ್ತು ಬಲೂನು. ಮೊದಲ ವಾರ ಹತ್ತೂ ಢಬ್. ಬೀದಿಯ ಮಕ್ಕಳಿಗೆ ಹಬ್ಬ, ಪಕ್ಕದ ಟೈಲರನಿಗೆ ಎದೆ ಧಸಕ್. ಅಕ್ಕ ವಾರಕ್ಕೊಮ್ಮೆ ಬಂದು ತಮ್ಮ ಸ್ಟೂಲಿನ ಮೇಲೆ ಕೂತು ಎಣಿಸಿ ಕಡತಕ್ಕೆ ಸೇರಿಸುತ್ತಾರೆ: ಏಳು ಒಡೆದವು, ಐದು ಒಡೆದವು, ಮತ್ತೆ ಆರು. ಸರ್ಕಾರಿ ಕಾಗದದಲ್ಲಿ ಬಲೂನಿನ ಪಟ್ಟಿ ಕಂಡು ಮೇಲಧಿಕಾರಿ ಹುಬ್ಬೇರಿಸಿದರು. "ಡಾಕ್ಟರ್ ಚೀಟಿಗಿಂತ ಇದು ಸ್ಪಷ್ಟವಾಗಿದೆ ಸರ್. ಕೈ ಎಷ್ಟು ವಾಪಸ್ ಬಂತು ಅಂತ ಯಾರು ಬೇಕಾದ್ರೂ ಓದಿ ತಿಳ್ಕೋಬಹುದು" ಎಂದರು ಅಕ್ಕ. ಪಟ್ಟಿ ಉಳಿಯಿತು.

ಎಂಬತ್ತೆಂಟನೇ ದಿನ ಹನ್ನೆರಡು ಪುಟದ ವರದಿ ಸಿದ್ಧವಾಗುತ್ತದೆ. ವರದಿಯನ್ನು ಅಂಚೆಗೆ ಹಾಕಿ ಕೈ ತೊಳೆದುಕೊಳ್ಳುವ ಅಭ್ಯಾಸ ಅಕ್ಕನಿಗಿಲ್ಲ. ಎರಡೂ ಕಡೆಯವರಿಗೂ ತಾವೇ ಹೋಗಿ ಓದುತ್ತಾರೆ, ಇವರಿಗೊಂದು ದನಿ ಅವರಿಗೊಂದು ದನಿ ಮಾಡದೆ. ಠಾಣೆಯಲ್ಲಿ ಓದಿದಾಗ ಕಾನ್‌ಸ್ಟೇಬಲ್ ತಲೆ ತಗ್ಗಿಸಿ ಕೇಳಿದ, ಬಲೂನಿನ ಪಟ್ಟಿ ಬಂದಾಗ ಒಮ್ಮೆ ತಲೆಯೆತ್ತಿದ. ಕಟಿಂಗ್ ಶಾಪಿನಲ್ಲಿ ಓದುವಾಗ ಬೆಂಚಿನ ಮೇಲೆ ಕಟಿಂಗಿಗೆ ಕಾದು ಕೂತಿದ್ದ ನಾಲ್ಕು ಜನ ಏಳಲಿಲ್ಲ. ಬೇರೆಯವರ ಮುಂದೆ ಓದಬೇಕೇ ಎಂದು ಅಕ್ಕ ಕೇಳಿದ್ದಕ್ಕೆ ಕಟಿಂಗ್ ಶಾಪಿನವರು "ಇವರ ಮುಂದೆಯೇ ಓದಬೇಕು ಮೇಡಂ" ಎಂದರು.

ತಡೆದು ವಿಚಾರಿಸಿದ್ದು ಸರಿ, ಸಲಾಕೆ ಕೈಯಲ್ಲಿದ್ದಾಗ ಕೋಳ ಹಾಕಿದ್ದನ್ನೂ ತಪ್ಪೆನ್ನಲಾಗದು ಎಂದು ವರದಿ ಹೇಳುತ್ತದೆ. ಕಟಿಂಗ್ ಶಾಪಿನವರು ತಲೆದೂಗುತ್ತಾರೆ. ಕೋಳ ಕೆಟ್ಟಿತ್ತು, ಅದು ಇಲಾಖೆಯ ತಪ್ಪು. ಆಮೇಲೆ ಒಂಬತ್ತನೇ ಪುಟ: 'ದೂರುದಾರರು ಕೋಳ ಬಿಗಿಯಾಗುತ್ತಿದೆ ಎಂದು ನಾಲ್ಕು ಸಲ ಹೇಳಿದ್ದಾರೆ. ಮೊದಲನೆಯ ಸಲವೇ ಪರೀಕ್ಷಿಸಬೇಕಿತ್ತು. ಪರೀಕ್ಷಿಸಿದ್ದರೆ ಈ ಗಾಯ ಆಗುತ್ತಿರಲಿಲ್ಲ. ಅವರು ಏನೂ ದೂರಲಿಲ್ಲ ಎಂಬ ದಾಖಲೆ ಸುಳ್ಳು, ಅದನ್ನು ತಿದ್ದತಕ್ಕದ್ದು.'

"ಇನ್ನೊಂದು ಸಲ ಓದ್ತೀರಾ ಮೇಡಂ?"

ಅಕ್ಕ ಓದುತ್ತಾರೆ. ಕಟಿಂಗ್ ಶಾಪಿನವರು ಕನ್ನಡಿಯ ಕಡೆ ತಿರುಗಿ, ಒರೆಸಿದ್ದ ಬಾಚಣಿಗೆಯನ್ನೇ ಮತ್ತೆ ಒರೆಸತೊಡಗುತ್ತಾರೆ. ಅವರ ಕಣ್ಣು ತುಂಬಿವೆ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಯಾರಿಗೂ ಅಲ್ಲ ಎಂಬಂತೆ, "ಅಂತೂ ಬರೆದ್ರಲ್ಲ" ಎನ್ನುತ್ತಾರೆ.

ಕಾನ್‌ಸ್ಟೇಬಲನಿಗೆ ಎಚ್ಚರಿಕೆ ಪತ್ರ ಹೋಯಿತು, ಮತ್ತೆ ಎರಡು ವಾರ ತರಬೇತಿ ಆಯಿತು. ಕೆಟ್ಟ ಕೋಳಗಳು ಗುಜರಿಗೆ ಹೋದವು. ಇಲಾಖೆಯಿಂದ ಕಟಿಂಗ್ ಶಾಪಿನವರಿಗೆ ಕ್ಷಮಾಪಣೆಯ ಕಾಗದವೂ ಬಂತು. ಇದರ ನಡುವೆ ಒಂದು ಭಾನುವಾರ ತಮ್ಮನ ಫೋನ್: "ಅಕ್ಕಾ, ಆ ಟವಲ್ ಪರೀಕ್ಷೆ ಹೇಗೆ ಮಾಡೋದು ಹೇಳು. ಯಾರೂ ಹೇಳಿಲ್ಲ, ನಾನೇ ನಮ್ಮ ಠಾಣೇದು ನೋಡೋಣ ಅಂತ." ಹತ್ತೊಂಬತ್ತರಲ್ಲಿ ಎರಡು ಕೆಟ್ಟಿದ್ದವು. ಆ ಸಂಜೆ ಅಕ್ಕ ಮೇಷ್ಟ್ರ ಮುಂದೆ ಇದೇ ಮಾತನ್ನು ಮೂರು ಸಲ ಹೇಳಿದರಂತೆ. ಮೇಷ್ಟ್ರೂ ಮೂರು ಸಲ ಹೊಸದಾಗಿ ಕೇಳಿದರಂತೆ.

ಮುಂದಿನದನ್ನು ಅಕ್ಕನಿಗೆ ಹೇಳಿದವನು ಬ್ರೆಡ್ ವ್ಯಾನಿನ ಡ್ರೈವರ್. ವರದಿ ಓದಿ ಒಂದೂವರೆ ತಿಂಗಳಾಗಿರಬೇಕು. ಬಲೂನು ಹತ್ತರಲ್ಲಿ ಒಂದು ಮಾತ್ರ ಒಡೆಯುತ್ತಿತ್ತು. ಶೇವಿಂಗ್ ಮತ್ತೆ ಶುರು ಎಂದು ಬೋರ್ಡು ಹಾಕಿ ನಾಲ್ಕು ದಿನವಾಗಿದ್ದರೂ ಒಬ್ಬರೂ ಗಲ್ಲ ಕೊಟ್ಟಿರಲಿಲ್ಲ, ಒಡೆದ ಬಲೂನಿನ ಸದ್ದು ಬೀದಿಗೆಲ್ಲ ಕೇಳಿತ್ತಲ್ಲ. ಐದನೇ ದಿನ ಬೆಳಿಗ್ಗೆ, ಸಮವಸ್ತ್ರವಿಲ್ಲದೆ, ಎರಡು ದಿನದ ಗಡ್ಡ ಬಿಟ್ಟುಕೊಂಡು ಕಾನ್‌ಸ್ಟೇಬಲ್ ಬಂದ. ಡ್ರೈವರ್ ಮೂರನೇ ಟ್ರೇ ಕೆಳಗಿಟ್ಟು ನಿಂತುಬಿಟ್ಟ.

"ಶೇವಿಂಗ್" ಎಂದ ಕಾನ್‌ಸ್ಟೇಬಲ್.

ಕಟಿಂಗ್ ಶಾಪಿನವರು ಅವನನ್ನು ಒಂದು ಗಳಿಗೆ ನೋಡಿದರು. ಕುರ್ಚಿ ಕೊಡವಿದರು, ಕೂರಿಸಿದರು, ಕುತ್ತಿಗೆಗೆ ಬಟ್ಟೆ ಕಟ್ಟಿದರು, ನೊರೆ ಹಚ್ಚಿದರು. ಹೊಸ ಬ್ಲೇಡು ಸಿಕ್ಕಿಸಿ ಕತ್ತಿಯನ್ನು ಅವನ ಗಂಟಲ ಹತ್ತಿರ ತಂದು ಹೇಳಿದರು:

"ನೋವಾದ್ರೆ ಹೇಳಿ ಸಾರ್. ಒಂದು ಸಲ ಹೇಳಿದ್ರೆ ಸಾಕು."

ಒಂದು ಗೀರೂ ಆಗಲಿಲ್ಲವಂತೆ. ಮಾರನೆಯ ದಿನ ಶೇವಿಂಗಿಗೆ ಬೆಂಚಿನ ತುಂಬ ಜನ.

ಹೊಸ ಪೊಲೀಸರ ತರಬೇತಿಗೆಂದು ಈಗ ಒಂದು ಕೈಪಿಡಿ ಅಚ್ಚಾಗುತ್ತಿದೆ. ಕೋಳದ ಪಾಠಕ್ಕೆ ಮೇಲೊಂದು ಸಾಲು ಬರೆದುಕೊಡಿ ಎಂದು ಅಕ್ಕನನ್ನು ಕೇಳಿದ್ದಾರೆ. ಅಕ್ಕ ವಾರಗಟ್ಟಲೆ ಬರೆದು ಹರಿದು, ಕೊನೆಗೆ ತಮ್ಮದೊಂದು ಪದವನ್ನೂ ಸೇರಿಸದೆ ಕಟಿಂಗ್ ಶಾಪಿನವರು ಕತ್ತಿ ಹಿಡಿದು ಆಡಿದ ಮಾತನ್ನೇ ಕಳಿಸಿದ್ದಾರೆ. ಕೆಳಗೆ ನಿಮ್ಮ ಹೆಸರು ಹಾಕೋಣವೇ ಎಂದು ಅಚ್ಚಿನವರು ಫೋನ್ ಮಾಡಿದ್ದರು.

"ಬೇಡಪ್ಪ, ನನ್ನ ಹೆಸರು ಯಾಕೆ? 'ಕ್ಷೌರಿಕರೊಬ್ಬರು ಪೊಲೀಸರೊಬ್ಬರಿಗೆ ಹೇಳಿದ್ದು' ಅಂತ ಹಾಕಿ ಅಂದೆ" ಎನ್ನುತ್ತಾರೆ ಅಕ್ಕ. "ಅಚ್ಚಾಗಿ ಬಂದ ಮೇಲೆ ಮೊದಲನೇ ಪ್ರತಿ ಅವರಿಗೆ ತಗೊಂಡು ಹೋಗಿ ಓದಿ ಹೇಳಬೇಕು. ಅದೊಂದೇ ಆಸೆ ನನಗೆ."